ಗಾಳಿ ಎಷ್ಟು ಹಾಕೀಯೋ ತಮ್ಮಾ?

ನ್ಯೂಜಿಲೆಂಡ್‌ನ ಜಲ್ಲಿ ರಸ್ತೆಯಲ್ಲಿ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರ ಟೈರಿನ ಕಥೆ

ಕ್ರೈಸ್ಟ್‌ಚರ್ಚ್: ನಮ್ಮ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಕಾರಿಲ್ಲ. ಅಲ್ಲಿರುವುದು ಮೂರು ಸೈಕಲ್, ಒಂದು ಹಳೆಯ ವಾಷಿಂಗ್ ಮಷೀನ್, ಎರಡು ಅಕ್ಕಿ ಮೂಟೆ. ಮನೆಯಲ್ಲಿ ನಾಲ್ಕು ಜನ. ನಾವಿಬ್ಬರು ಗಂಡ ಹೆಂಡತಿ ವೃದ್ಧರನ್ನು ನೋಡಿಕೊಳ್ಳುವ ರೆಸ್ಟ್ ಹೋಮ್‌ನಲ್ಲಿ ಪಾಳಿ ಕೆಲಸ ಮಾಡುತ್ತೇವೆ. ಹಿಂದಿನ ಕೋಣೆಯಲ್ಲಿ ಸುಳ್ಯದ ಹುಡುಗನಿದ್ದಾನೆ, ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಇನ್ನೊಂದು ಕೋಣೆಯಲ್ಲಿ ರಾಣೆಬೆನ್ನೂರಿನ ಹುಡುಗ, ವೆಲ್ಡರ್. ಇದು ಹೆಚ್ಚಾಗಿ ಆ ವೆಲ್ಡರನ ಕಥೆ, ಅದಕ್ಕಿಂತ ಹೆಚ್ಚಾಗಿ ಅವನ ಅಪ್ಪನ ಕಥೆ.

ಕ್ರೈಸ್ಟ್‌ಚರ್ಚ್ ಸೈಕಲ್ಲಿಗೆ ಹೇಳಿ ಮಾಡಿಸಿದ ಊರು. ಪೋರ್ಟ್ ಹಿಲ್ಸ್ ಎಂಬ ಗುಡ್ಡದ ಸಾಲು ಬಿಟ್ಟರೆ ಊರೆಲ್ಲ ಅಂಗೈಯಂತೆ ಸಮತಟ್ಟು. ಒಂದು ಕಾಲದಲ್ಲಿ ಇದಕ್ಕೆ ‘ಸೈಕ್ಲೋಪೊಲಿಸ್’ ಎಂಬ ಅಡ್ಡಹೆಸರೇ ಇತ್ತು. 2011ರ ಫೆಬ್ರವರಿ 22ರ ಭೂಕಂಪದಲ್ಲಿ 185 ಜನ ತೀರಿಕೊಂಡರು, ನಗರದ ನಡುಭಾಗ ನೆಲಕಚ್ಚಿತು. ಮತ್ತೆ ಕಟ್ಟುವಾಗ ನಗರಸಭೆ 13 ದೊಡ್ಡ ಸೈಕಲ್ ದಾರಿಗಳ ಯೋಜನೆ ಹಾಕಿಕೊಂಡಿತು. ಹಾಗಾಗಿ ಹೊಸದಾಗಿ ಬಂದವರು ಕಾರಿನ ಸಾಲಕ್ಕೆ ಕೈ ಹಾಕುವ ಮೊದಲು ಸೈಕಲ್ ಹುಡುಕುತ್ತಾರೆ. ನಾವೂ ಹಾಗೆಯೇ ಮಾಡಿದೆವು.

ರಾಣೆಬೆನ್ನೂರಿನ ಹುಡುಗ ತಂದದ್ದು ಸೆಕೆಂಡ್ ಹ್ಯಾಂಡ್ ರೋಡ್ ಬೈಕು. ಬೈಕು ಎಂದರೆ ಮೋಟಾರ್ ಬೈಕಲ್ಲ. ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿರುವ, ತೆಳು ಟೈರಿನ, ಹಗುರವಾದ ಸೈಕಲ್ಲು. ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ಹುಡುಗರು ಬೆಳಗಿನ ಜಾವ ಹೆದ್ದಾರಿಯಲ್ಲಿ ಸಾಲುಗಟ್ಟಿ ತುಳಿಯುವುದು ಇಂಥದ್ದನ್ನೇ. ಬೆಲೆ ಸೋವಿ, ಚೌಕಟ್ಟು ಚೆನ್ನಾಗಿತ್ತು, ಗೇರು ಸಲೀಸಾಗಿ ಬೀಳುತ್ತಿತ್ತು. ಟೈರನ್ನು ಮಾತ್ರ ಯಾರೂ ನೋಡಲಿಲ್ಲ. ಮೇಲಿನ ಗೆರೆಗಳೆಲ್ಲ ಇದ್ದವು, ಹೊಸತರಂತೆ ಕಪ್ಪಗಿತ್ತು. ಆದರೆ ವರ್ಷಗಟ್ಟಲೆ ಯಾರದೋ ಶೆಡ್ಡಿನಲ್ಲಿ ನಿಂತು ರಬ್ಬರ್ ಕೊರಡಾಗಿತ್ತು. ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕುಗಳಿದ್ದವು. ಅಗಲ 23 ಮಿಲಿಮೀಟರ್. ಪಕ್ಕದಲ್ಲಿ ‘ಗರಿಷ್ಠ 120 ಪಿಎಸ್‌ಐ’ ಎಂದು ಅಚ್ಚಾಗಿತ್ತು. ಗರಿಷ್ಠ ಎಂದರೆ ಅಷ್ಟೇ ಹಾಕಬೇಕು ಎಂದುಕೊಂಡು ಹುಡುಗ ಪ್ರತಿ ಸೋಮವಾರ 120 ತುಂಬುತ್ತಿದ್ದ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಆರು ಗಂಟೆ. ಇಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲೆ. ಜಿಟಿಜಿಟಿ ಮಳೆ. ಹಿಂದಿನ ವಾರವಷ್ಟೇ ಹೊಸ ಮೈ ಹಾಕಿದ್ದ ರಸ್ತೆಯ ತಿರುವಿನಲ್ಲಿ ಮುಂದಿನ ಚಕ್ರ ಜಾರಿತು. ಯಾವ ವಾಹನವೂ ತಾಗಲಿಲ್ಲ, ಯಾರ ತಪ್ಪೂ ಇರಲಿಲ್ಲ. ಹುಡುಗ ಎಡ ಭುಜದ ಮೇಲೆ ಬಿದ್ದ. ಕಾಲರ್ ಬೋನ್ ಮುರಿಯಿತು. ಹೆಲ್ಮೆಟ್ ಬಿರುಕು ಬಿಟ್ಟಿತು, ತಲೆ ಉಳಿಯಿತು. ಸೈಕಲ್ ತುಳಿಯುವವರಿಗೆ ಇಲ್ಲಿ 1994ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಮೊದಮೊದಲು ಇದನ್ನು ಕೇಳಿ ನಗುತ್ತಿದ್ದವರು ನಾವೇ.

ಆಸ್ಪತ್ರೆಯಿಂದ ಮನೆಗೆ ಬಂದಾಗ ಮಧ್ಯಾಹ್ನ ಹನ್ನೆರಡು. ಊರಲ್ಲಿ ಆಗ ಬೆಳಗಿನ ನಾಲ್ಕೂವರೆ. ಇಲ್ಲಿಯ ಬೇಸಿಗೆ ಗಡಿಯಾರದಲ್ಲಿ ನಾವು ಊರಿಗಿಂತ ಏಳೂವರೆ ತಾಸು ಮುಂದಿರುತ್ತೇವೆ. ಆ ಹೊತ್ತಿಗೆ ಫೋನ್ ಬಂದರೆ ಅಪ್ಪ ಅಮ್ಮನ ಎದೆ ಒಡೆಯುತ್ತದೆ ಎಂದು ಮೂರು ಗಂಟೆವರೆಗೆ ಕಾದೆವು. ವಿಡಿಯೊ ಕರೆಯಲ್ಲಿ ಜೋಳಿಗೆ ಕಟ್ಟಿದ ಕೈ ಕಂಡ ಕೂಡಲೇ ಅವ್ವ ಅತ್ತರು. ಆ ಸೈಕಲ್ ಮಾರಿ ಬಿಡು ಎಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರು ರಾಣೆಬೆನ್ನೂರಿನಲ್ಲಿ ಬಹಳ ವರ್ಷದಿಂದ ಸೈಕಲ್ ರಿಪೇರಿ ಅಂಗಡಿ ಇಟ್ಟವರು. ಪಂಕ್ಚರ್ ತಿದ್ದಿ ಮಗನನ್ನು ಐಟಿಐ ಓದಿಸಿದವರು.

‘ಟೈರ್ ಎಂಥಾದ್ದಿತ್ತು? ಗಾಳಿ ಎಷ್ಟು ಹಾಕೀಯೋ ತಮ್ಮಾ?’

‘ನೂರಾ ಇಪ್ಪತ್ತು ಅಪ್ಪಾ.’

‘ಯಾಕಷ್ಟು? ಕಲ್ಲಿನ ರಸ್ತೆಗೆ ಟೈರನ್ನೂ ಕಲ್ಲು ಮಾಡಿದರ ಹೆಂಗ? ಪುಟಿದು ಬೀಳಸ್ತೈತಿ ಅದು.’

ನಮಗೆ ಆಗ ಇದು ಹಳ್ಳಿ ಅಂಗಡಿಯವರ ಮಾತಿನಂತೆ ಕೇಳಿಸಿತು. ರೇಸಿಂಗ್ ಸೈಕಲ್ಲಿಗೆ ಗಾಳಿ ಬಿಗಿಯಾಗಿದ್ದಷ್ಟೂ ವೇಗ ಎಂದು ನಾವೆಲ್ಲ ನಂಬಿದ್ದೆವು. ಆರು ವಾರ ಹುಡುಗ ಮನೆಯಲ್ಲಿ ಕೂತಿದ್ದ, ನಮಗೂ ಕುತೂಹಲ ಹುಟ್ಟಿತ್ತು. ಸೈಕಲ್ ಅಂಗಡಿಯವರನ್ನು ಕೇಳಿದೆವು, ಓದಿದೆವು, ಒಬ್ಬರ ಸೈಕಲ್ ಇನ್ನೊಬ್ಬರು ತುಳಿದು ನೋಡಿದೆವು. ಅಪ್ಪ ಹೇಳಿದ್ದೇ ಸರಿ ಇತ್ತು.

ಮೊದಲು ರಸ್ತೆಯ ವಿಚಾರ. ನ್ಯೂಜಿಲೆಂಡ್ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ದೊಡ್ಡದು, ಜನಸಂಖ್ಯೆ ಮಾತ್ರ ಸುಮಾರು 53 ಲಕ್ಷ. ಇಷ್ಟು ಕಡಿಮೆ ಜನರ ತೆರಿಗೆಯಲ್ಲಿ ಅಷ್ಟುದ್ದ ರಸ್ತೆ ಕಾಪಾಡಬೇಕು. ಅದಕ್ಕೆ ಇಲ್ಲಿಯವರು ಕಂಡುಕೊಂಡ ಸೋವಿ ದಾರಿಯ ಹೆಸರು ಚಿಪ್ ಸೀಲ್. ಬಿಸಿ ಡಾಂಬರನ್ನು ತೆಳುವಾಗಿ ಸಿಂಪಡಿಸಿ, ಅದರ ಮೇಲೆ ಒಡೆದ ಸಣ್ಣ ಜಲ್ಲಿ ಹರಡಿ, ರೋಲರ್ ಓಡಿಸುತ್ತಾರೆ. ಉಳಿದ ಕೆಲಸ ಮೇಲೆ ಹೋಗುವ ವಾಹನಗಳದ್ದು; ಅವು ತುಳಿದು ತುಳಿದು ಜಲ್ಲಿ ಕೂರುತ್ತದೆ. ದೂರದಿಂದ ನೋಡಿದರೆ ಚೆಂದದ ಟಾರು ರಸ್ತೆ. ಅಂಗೈ ಇಟ್ಟು ನೋಡಿದರೆ ರುಬ್ಬುವ ಕಲ್ಲಿಗೆ ಹೊಸದಾಗಿ ಮುಳ್ಳು ಹಾಕಿಸಿದ ಹಾಗೆ. ಕಾರಿನಲ್ಲಿ ಹೋಗುವವರಿಗೆ ಬರೀ ಗುಂಯ್ ಎಂಬ ಸದ್ದು. ಸೈಕಲ್ಲಿನಲ್ಲಿ ಹೋಗುವವರಿಗೆ ಅಂಗೈ, ಮೊಣಕೈ, ಹಲ್ಲು ಎಲ್ಲ ಜುಮ್ಮೆನ್ನುತ್ತವೆ.

ಬೇಸಿಗೆಯಲ್ಲಿ, ಅಂದರೆ ಊರಲ್ಲಿ ಚಳಿಗಾಲ ಇರುವಾಗ, ಇಲ್ಲಿ ರಸ್ತೆಗೆ ಹೊಸ ಮೈ ಹಾಕುತ್ತಾರೆ. ಆಗ ಕೆಲವು ದಿನ ಮೇಲೆಲ್ಲ ಬಿಡಿ ಜಲ್ಲಿ. 30 ಕಿಲೋಮೀಟರ್ ವೇಗಮಿತಿಯ ತಾತ್ಕಾಲಿಕ ಫಲಕ ನಿಲ್ಲಿಸುತ್ತಾರೆ. ಕಾರಿನವರು ನಿಧಾನ ಮಾಡುತ್ತಾರೆ. ಸೈಕಲ್ಲಿನವನು ಹೇಗೂ ಅದಕ್ಕಿಂತ ನಿಧಾನ, ಫಲಕ ತನಗಲ್ಲ ಎಂದುಕೊಳ್ಳುತ್ತಾನೆ. ನಮ್ಮ ಹುಡುಗ ಬಿದ್ದದ್ದು ಹೀಗೆ. ತೆಳು ಟೈರು, ಕೊರಡು ರಬ್ಬರು, ಬಿಗಿದ ಗಾಳಿ, ಕೆಳಗೆ ಉರುಳುವ ಜಲ್ಲಿ, ಮೇಲೆ ಮಳೆ. ಒಂದೊಂದೂ ಬೇರೆ ಬೇರೆಯಾಗಿದ್ದರೆ ಬಚಾವಾಗುತ್ತಿದ್ದನೇನೋ.

ಈಗ ಗಾಳಿಯ ವಿಚಾರ. ಟೈರು ಎಷ್ಟು ಸಲೀಸಾಗಿ ಉರುಳುತ್ತದೆ ಎಂದು ಕಂಪನಿಗಳು ಬಹಳ ಕಾಲ ನುಣುಪಾದ ಉಕ್ಕಿನ ಉರುಳೆಯ ಮೇಲೆ ಓಡಿಸಿ ಅಳೆದವು. ನುಣುಪು ಉರುಳೆಯ ಮೇಲೆ ಗಾಳಿ ಹೆಚ್ಚಿದಷ್ಟೂ ಟೈರು ಹಗುರವಾಗಿ ಉರುಳುತ್ತದೆ, ನಿಜ. ಆದರೆ ಜಲ್ಲಿ ರಸ್ತೆಯಲ್ಲಿ ಬಿಗಿದ ಟೈರು ಪ್ರತಿ ಕಲ್ಲಿನ ಮೇಲೂ ಹತ್ತಿ ಇಳಿಯಬೇಕು. ಹತ್ತುವಾಗ ಸೈಕಲ್ಲನ್ನೂ ಮೇಲೆ ಕೂತವನನ್ನೂ ಎತ್ತುತ್ತದೆ. ನಾವು ತುಳಿದ ಶಕ್ತಿ ಮುಂದಕ್ಕೆ ಹೋಗುವ ಬದಲು ನಮ್ಮದೇ ಮೈ ಕುಲುಕುವುದಕ್ಕೆ ಖರ್ಚಾಗುತ್ತದೆ. ಗಾಳಿ ಸ್ವಲ್ಪ ಇಳಿಸಿದರೆ ಟೈರು ತಾನೇ ಒಳಗೆ ಬಾಗಿ ಕಲ್ಲನ್ನು ನುಂಗಿಕೊಂಡು ಮುಂದೆ ಹೋಗುತ್ತದೆ. ರಬ್ಬರು ರಸ್ತೆಯನ್ನು ಬಿಡದೆ ಹಿಡಿದಿರುತ್ತದೆ, ಬ್ರೇಕು ಹಿಡಿಯುತ್ತದೆ. ಹೀಗೆಂದು ತಿಳಿದ ಮೇಲೆ ರೇಸಿನವರೇ 23ರಿಂದ 25ಕ್ಕೆ, 25ರಿಂದ 28ಕ್ಕೆ, ಕೆಲವೆಡೆ 30 ಮಿಲಿಮೀಟರಿಗೂ ಬಂದಿದ್ದಾರೆ.

ಗಾಳಿ ತುಂಬಿದ ಟೈರು ಹುಟ್ಟಿದ್ದೇ ಇದಕ್ಕಾಗಿ. ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ಮಗನ ಮೂರು ಚಕ್ರದ ಸೈಕಲ್ಲು ಒರಟು ಬೀದಿಯಲ್ಲಿ ಕುಲುಕುವುದನ್ನು ನೋಡಿ, ರಬ್ಬರಿನ ಕೊಳವೆಗೆ ಗಾಳಿ ತುಂಬಿ ಗಾಲಿಗೆ ಸುತ್ತಿದರು. 1888ರಲ್ಲಿ ಪೇಟೆಂಟ್ ಪಡೆದರು. ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಷ್ಟು ಹಿಂದೆಯೇ ಇಂಥದ್ದನ್ನು ಮಾಡಿದ್ದರು. ಆಗ ಅದು ನಡೆಯಲಿಲ್ಲ. ಈ ಕಥೆಯನ್ನು ರಾಣೆಬೆನ್ನೂರಿನ ಅಪ್ಪನಿಗೆ ಹೇಳಿದಾಗ, ‘ಡನ್‌ಲಪ್ ಹೆಸರು ಗೊತ್ತೈತಿ, ಮಗನ ಸಲುವಾಗಿ ಮಾಡಿದ್ದು ಗೊತ್ತಿದ್ದಿಲ್ಲ ನೋಡವಾ’ ಎಂದರು.

ಹಾಗಾದರೆ ಯಾವ ಟೈರು ಹಾಕಬೇಕು? ಅಂಗಡಿಗೆ ಹೋದರೆ ಗೋಡೆ ತುಂಬ ನೇತುಹಾಕಿರುತ್ತಾರೆ. ಒಂದು ಜಾತಿ ಬರೀ ರೇಸಿಗೆ: ಕಾಗದದಷ್ಟು ತೆಳು, ಬಾಣದಂತೆ ಹೋಗುತ್ತದೆ, ಮೊದಲ ಗಾಜಿನ ಚೂರಿಗೇ ಸೋಲುತ್ತದೆ. ಇನ್ನೊಂದು ಜಾತಿ ಬರೀ ಬಾಳಿಕೆಗೆ: ಒಳಗೆ ದಪ್ಪ ಪದರ, ಮೇಲೆ ಗಟ್ಟಿ ರಬ್ಬರು. ಪಂಕ್ಚರ್ ಅಪರೂಪ, ಆದರೆ ಭಾರ, ಮತ್ತು ಗಟ್ಟಿ ರಬ್ಬರಿಗೆ ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ. ಇವೆರಡರ ನಡುವೆ ಇರುವುದು ಆಲ್‌ರೌಂಡ್ ಟೈರು. ಕ್ರಿಕೆಟ್ಟಿನ ಆಲ್‌ರೌಂಡರ್ ಇದ್ದ ಹಾಗೆ: ಶತಕ ಹೊಡೆಯಲಿಕ್ಕಿಲ್ಲ, ಐದು ವಿಕೆಟ್ ತೆಗೆಯಲಿಕ್ಕಿಲ್ಲ, ಆದರೆ ತಂಡದಿಂದ ಬಿಡಲಾಗುವುದಿಲ್ಲ. ಜರ್ಮನಿಯ ಕಾಂಟಿನೆಂಟಲ್ ಕಂಪನಿ 2018ರ ಕೊನೆಗೆ ತಂದ ಗ್ರ್ಯಾಂಡ್ ಪ್ರಿ 5000 ಈ ಗುಂಪಿನಲ್ಲಿ ಹೆಚ್ಚು ಹೆಸರು ಮಾಡಿದ್ದು. ಇದರಲ್ಲಿ ಮೇಲ್ಮೈ ರಬ್ಬರಿನ ಕೆಳಗೆ ವೆಕ್ಟ್ರಾನ್ ಎಂಬ ಗಟ್ಟಿ ನಾರಿನ ಪಟ್ಟಿ ಇದೆ, ಗಾಜು ಒಳಗೆ ಇಳಿಯದಂತೆ. 25 ಮಿಲಿಮೀಟರಿನ ಟೈರು ತೂಗುವುದು ಇನ್ನೂರು ಚಿಲ್ಲರೆ ಗ್ರಾಂ. ಶ್ವಾಲ್ಬೆಯವರ ಒನ್, ವಿಟ್ಟೋರಿಯಾದ ರುಬಿನೊ ಪ್ರೊ ಕೂಡ ಇದೇ ಸಾಲಿನವು. ನಾವು ಯಾರ ಏಜೆಂಟರೂ ಅಲ್ಲ; ಹೆಸರು ಹೇಳಿದ್ದು ಅಂಗಡಿಯಲ್ಲಿ ಕೇಳಲು ಅನುಕೂಲವಾಗಲಿ ಎಂದು.

ಇವುಗಳ ಮೈ ನೋಡಿ ನಮಗೆ ಮೊದಲು ಹೆದರಿಕೆಯಾಯಿತು. ಹೆಚ್ಚು ಕಡಿಮೆ ಬೋಳು. ಊರಲ್ಲಿ ಟೈರು ಬೋಳಾದರೆ ಬದಲಿಸಬೇಕು ಎಂದೇ ಕಲಿತವರು ನಾವು. ಕಾರಿಗೆ ಅದು ಸರಿ: ಅಗಲ ಟೈರಿನ ಅಡಿ ನೀರು ಸಿಕ್ಕಿಕೊಂಡರೆ ಕಾರು ತೇಲುತ್ತದೆ, ನೀರು ಹೊರಗೆ ಹೋಗಲು ಗೆರೆ ಬೇಕು. ಸೈಕಲ್ ಟೈರು ಸಣ್ಣದು, ದುಂಡಗಿನದು, ಗಾಳಿಯ ಒತ್ತಡ ಹೆಚ್ಚಿನದು. ಅದು ನೀರನ್ನು ಸೀಳಿಕೊಂಡೇ ನೆಲ ಮುಟ್ಟುತ್ತದೆ. ಡಾಂಬರಿನ ಮೇಲೆ ಹಿಡಿತ ಬರುವುದು ರಬ್ಬರಿನ ಮೆತುವಿನಿಂದ, ಗೆರೆಯಿಂದಲ್ಲ. ನಮ್ಮ ಹುಡುಗನ ಹಳೆಯ ಟೈರಿನಲ್ಲಿ ಗೆರೆಗಳು ಬೇಕಾದಷ್ಟಿದ್ದವಲ್ಲ!

ರಬ್ಬರಿನ ಮಾತು ಬಂದಾಗ ಸುಳ್ಯದವನು ಎದ್ದು ಬಂದ. ಅವನ ಮನೆಯ ಗುಡ್ಡದಲ್ಲಿ ರಬ್ಬರ್ ಮರಗಳಿವೆ. ಬೆಳಿಗ್ಗೆ ಟ್ಯಾಪಿಂಗ್ ಮಾಡಿ, ಹಾಲು ಸೇರಿಸಿ, ಶೀಟು ಒತ್ತಿ, ಹೊಗೆಮನೆಯಲ್ಲಿ ಒಣಗಿಸಿ ಬೆಳೆದವನು. ಹೊಸ ಟೈರನ್ನು ಮೂಗಿಗೆ ಹಿಡಿದು, ‘ಇದರಲ್ಲಿ ನಮ್ಮದು ಸ್ವಲ್ಪವೇ ಉಂಟು, ಬಾಕಿಯದ್ದು ಕೆಮಿಕಲ್ ವಾಸನೆ’ ಎಂದ. ಅವನು ಹೇಳಿದ್ದು ಸುಳ್ಳಲ್ಲ. ಸೈಕಲ್ ಟೈರಿನಲ್ಲಿ ಮರದ ರಬ್ಬರಿನ ಜೊತೆ ಕಾರ್ಖಾನೆಯ ರಬ್ಬರು, ಕಪ್ಪು ಬಣ್ಣ ಕೊಡುವ ಇಂಗಾಲದ ಪುಡಿ, ಒದ್ದೆಯಲ್ಲಿ ಹಿಡಿತ ಕೊಡುವ ಸಿಲಿಕಾ ಎಲ್ಲ ಬೆರೆತಿರುತ್ತವೆ. ಯಾವುದು ಎಷ್ಟು ಎಂಬುದು ಆಯಾ ಕಂಪನಿಯ ಗುಟ್ಟು.

ಇಷ್ಟರಲ್ಲಿ ರಾಣೆಬೆನ್ನೂರಿನಿಂದ ಪಾರ್ಸಲ್ ಬಂತು. ಮಗ ಟೈರು ಹುಡುಕುತ್ತಿದ್ದಾನೆ, ಒಂದಕ್ಕೆ ನೂರು ಡಾಲರ್ ಆಸುಪಾಸು ಬೆಲೆ, ಅಂದರೆ ನಮ್ಮ ಐದು ಸಾವಿರ ರೂಪಾಯಿ ಎಂದು ಕೇಳಿ ಅಪ್ಪನಿಗೆ ತಡೆಯಲಾಗಿರಲಿಲ್ಲ. ‘28ರ ಟೈರ್ ಬೇಕು’ ಎಂದು ಹುಡುಗ ಒಮ್ಮೆ ಬಾಯಿ ಬಿಟ್ಟಿದ್ದ. ಅಂಗಡಿಯ ಅಟ್ಟದಿಂದ ಎರಡು ಒಳ್ಳೆಯ ಟೈರು ಇಳಿಸಿ, ಇತ್ತ ಬರುತ್ತಿದ್ದ ಪರಿಚಯದವರ ಕೈಯಲ್ಲಿ ಕಳಿಸಿದ್ದರು. ಜೊತೆಗೆ ಎರಡು ಟ್ಯೂಬು, ಸೊಲ್ಯೂಷನ್, ಪ್ಯಾಚು, ಉಜ್ಜುವ ಕಾಗದ. ನಾವು ಮೂವರು ಸೇರಿ ಅರ್ಧ ಗಂಟೆ ಒದ್ದಾಡಿದೆವು. ಟೈರು ರಿಮ್ಮಿನ ಮೇಲೆ ಕೂರಲೇ ಇಲ್ಲ, ಬಳೆ ದೊಡ್ಡದಾದ ಕೈಯಂತೆ ಲೊಡಲೊಡ.

ಇದು ಊರಿಂದ ಟೈರು ಕಳಿಸುವ ಯಾರಿಗಾದರೂ ಆಗಬಹುದಾದ ತಪ್ಪು, ಅದಕ್ಕೇ ಬಿಡಿಸಿ ಬರೆಯುತ್ತಿದ್ದೇವೆ. ನಮ್ಮ ಊರಿನ ದೊಡ್ಡ ಸೈಕಲ್ಲಿನ ಟೈರಿನ ಮೇಲೆ ‘28 x 1½’ ಎಂದು ಇರುತ್ತದೆ. ಅಲ್ಲಿ 28 ಎಂದರೆ ಇಂಚಿನಲ್ಲಿ ಟೈರಿನ ಒಟ್ಟು ಎತ್ತರ. ರೋಡ್ ಬೈಕಿನ ‘700 x 28’ರಲ್ಲಿ 28 ಎಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. ಎರಡಕ್ಕೂ ಸಂಬಂಧವಿಲ್ಲ. ನೋಡಬೇಕಾದ್ದು ಪಕ್ಕದಲ್ಲಿ ಸಣ್ಣದಾಗಿ ಅಚ್ಚಾದ ಇನ್ನೊಂದು ಸಂಖ್ಯೆ. ರೋಡ್ ಬೈಕಿನದು ‘28-622’. 622 ಮಿಲಿಮೀಟರ್ ಎಂದರೆ ಟೈರು ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ. ಊರಿನ ದೊಡ್ಡ ಸೈಕಲ್ಲಿನದು 635. ವ್ಯತ್ಯಾಸ 13 ಮಿಲಿಮೀಟರ್, ಅರ್ಧ ಇಂಚಿನಷ್ಟು. ಯಾವ ಜಾಣ ಮೆಕ್ಯಾನಿಕ್ಕೂ ಅದನ್ನು ಕೂರಿಸಲಾರ.

ಹೇಗೆ ಹೇಳುವುದು? ಹುಡುಗ ಎರಡು ದಿನ ಫೋನ್ ಮಾಡಲಿಲ್ಲ. ಮೂರನೆಯ ದಿನ ಅಪ್ಪನೇ ಮಾಡಿದರು. ‘ಕುಂತಾವೇನು?’ ಎಂದರು. ಹುಡುಗ ಕ್ಯಾಮೆರಾವನ್ನು ರಿಮ್ಮಿನ ಹತ್ತಿರ ಹಿಡಿದು ಸಂಖ್ಯೆ ತೋರಿಸಿದ. ಅಪ್ಪ ಕನ್ನಡಕ ಏರಿಸಿ ಓದಿದರು. ಅಂಗಡಿಯ ಹೊರಗೆ ಟ್ರಾಕ್ಟರ್ ಹೋಗುವ ಸದ್ದು ಕೇಳುತ್ತಿತ್ತು. ‘ನಂದ ತಪ್ಪು. ನಂಬರ್ ಕೇಳಬೇಕಿತ್ತು. ಗಿರಾಕಿ ಆಗಿದ್ರ ಕೇಳ್ತಿದ್ನಿ’ ಎಂದರು. ಮತ್ತೆ, ‘ಅವನ್ನ ಬಿಸಲಾಗ ಇಡಬ್ಯಾಡ, ಗ್ಯಾರೇಜಿನ್ಯಾಗ ತೂಗುಹಾಕು’ ಎಂದು ಬೇರೆ ಮಾತಿಗೆ ಹೊರಳಿದರು.

ಕೊನೆಗೆ ಇಲ್ಲಿಯ ಅಂಗಡಿಯಲ್ಲೇ ಕೊಂಡೆವು. ಎರಡು ಟೈರಿಗೆ ಹತ್ತಿರ ಹತ್ತಿರ ಒಂದು ದಿನದ ದುಡಿಮೆ ಹೋಯಿತು. ಇಲ್ಲಿ ಕನಿಷ್ಠ ಕೂಲಿ 2025ರ ಏಪ್ರಿಲ್‌ನಿಂದ ಗಂಟೆಗೆ 23.50 ಡಾಲರ್ ಇತ್ತು. ಆರು ವಾರ ಕೂತು ಉಂಡದ್ದಕ್ಕೆ ಹೋಲಿಸಿದರೆ ಇದು ಖರ್ಚೇ ಅಲ್ಲ. 28ರದು ತರೋಣ ಎಂದಿದ್ದೆವು, ಆದರೆ ಹಳೆಯ ಚೌಕಟ್ಟಿನ ಬ್ರೇಕಿನ ಕೆಳಗೆ ಅಷ್ಟು ಜಾಗವಿರಲಿಲ್ಲ, ತಾಗುತ್ತಿತ್ತು. 25ರದು ಕೂತಿತು. ಟೈರಿಗೂ ಬ್ರೇಕಿಗೂ ನಡುವೆ ನಾಲ್ಕು ಮಿಲಿಮೀಟರಾದರೂ ಸಂದಿ ಉಳಿಯಬೇಕು ಎಂದು ಅಂಗಡಿಯಾತ ಹೇಳಿದ. ಇಲ್ಲದಿದ್ದರೆ ಅಂಟಿಕೊಂಡ ಒಂದು ಜಲ್ಲಿ ಚೂರೇ ಚಕ್ರ ಹಿಡಿದು ನಿಲ್ಲಿಸೀತು. ಹೊಸದಾಗಿ ಸೈಕಲ್ ಕೊಳ್ಳುವವರು 28 ಅಥವಾ 32 ಕೂರುವಂಥದ್ದನ್ನೇ ನೋಡಿ ಕೊಳ್ಳುವುದು ಲೇಸು.

ಹುಡುಗನ ತೂಕ 68 ಕಿಲೋ. ಈಗ ಹಿಂದೆ 80, ಮುಂದೆ 75 ಹಾಕುತ್ತಾನೆ. ಸುಳ್ಯದವನ ಸೈಕಲ್ಲಿಗೆ 32ರ ಟೈರು, ಅವನಿಗೆ 60 ಸಾಕು. ಭಾರ ಹೆಚ್ಚಿದ್ದವರು ಸ್ವಲ್ಪ ಏರಿಸಬೇಕು, ಮಳೆಯಲ್ಲಿ ನಾಲ್ಕೈದು ಇಳಿಸಬಹುದು. ತೀರ ಇಳಿಸಿದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ಹೆಬ್ಬೆರಳಿನಲ್ಲಿ ಒತ್ತಿ ನೋಡುವುದನ್ನು ನಂಬಬೇಡಿ, ಗಡಿಯಾರ ಇರುವ ನಿಲ್ಲಿಸುವ ಪಂಪು ಒಂದು ಮನೆಗೆ ಸಾಕು. ಟ್ಯೂಬೇ ಇಲ್ಲದ, ಒಳಗೆ ಅಂಟುದ್ರವ ಹಾಕುವ ಟೈರುಗಳೂ ಬಂದಿವೆ. ಸಣ್ಣ ತೂತು ತಾನೇ ಮುಚ್ಚಿಕೊಳ್ಳುತ್ತದೆ, ಒಳ್ಳೆಯದೇ. ಆದರೆ ಬೆಳಗಿನ ಐದೂವರೆಗೆ ಪಾಳಿಗೆ ಹೊರಟವನಿಗೆ ದೊಡ್ಡ ತೂತಾಗಿ ದ್ರವವೆಲ್ಲ ಮೈಮೇಲೆ ಚಿಮ್ಮಿದರೆ ಗತಿಯೇನು? ನಮ್ಮ ಮಟ್ಟಿಗೆ ಟ್ಯೂಬೇ ವಾಸಿ. ಇನ್ನು ಕೆಲವು ಹೊಸ ರಿಮ್ಮುಗಳಿಗೆ ಟೈರು ಹಿಡಿಯುವ ಕೊಕ್ಕೆ ಅಂಚು ಇರುವುದಿಲ್ಲ. ಅಂಥದ್ದಕ್ಕೆ ಸುಮಾರು 72 ಪಿಎಸ್‌ಐ ದಾಟಿಸಲೇಬಾರದು, ಟೈರು ಕಿತ್ತು ಬರುತ್ತದೆ.

ಪಂಕ್ಚರ್ ಇಲ್ಲಿಯೂ ತಪ್ಪುವುದಿಲ್ಲ. ಶುಕ್ರವಾರ ರಾತ್ರಿ ಒಡೆದ ಬಾಟಲಿಗಳು ಶನಿವಾರ ಬೆಳಿಗ್ಗೆ ರಸ್ತೆ ಅಂಚಿನಲ್ಲಿರುತ್ತವೆ. ಒದ್ದೆ ರಬ್ಬರನ್ನು ಗಾಜು ಬೇಗ ಕುಯ್ಯುತ್ತದೆ, ಹಾಗಾಗಿ ಮಳೆಗಾಲದಲ್ಲಿ ಪಂಕ್ಚರ್ ಹೆಚ್ಚು. ಮನೆಗೆ ಬಂದ ಮೇಲೆ ಟೈರು ಒರೆಸಿ, ಒಂದು ಸುತ್ತು ತಿರುಗಿಸಿ ನೋಡಿ, ಸಿಕ್ಕಿದ ಚೂರು ತೆಗೆಯುವ ಅಭ್ಯಾಸವನ್ನು ಹುಡುಗ ಅಪ್ಪನಿಂದಲೇ ಕಲಿತಿದ್ದ, ಇಲ್ಲಿ ಬಂದು ಮರೆತಿದ್ದ. ನಗರದ ನಡುವೆ ಟ್ರಾಮ್ ಹಳಿಗಳಿವೆ. ಅದರ ಸೀಳಿನೊಳಗೆ ತೆಳು ಟೈರು ಇಳಿದರೆ ಯಾವ ಕಂಪನಿಯ ಟೈರೂ ಕಾಪಾಡದು. ನೇರ ಅಡ್ಡಲಾಗಿಯೇ ದಾಟಬೇಕು. ಜೂನ್ ಜುಲೈನಲ್ಲಿ ಬೆಳಿಗ್ಗೆ ರಸ್ತೆಯ ಮೇಲೆ ಕಾಣದಂತೆ ಮಂಜುಗಡ್ಡೆ ಕಟ್ಟುತ್ತದೆ. ಅಂಥ ದಿನ ನಾವು ಬಸ್ಸು ಹಿಡಿಯುತ್ತೇವೆ, ನಾಚಿಕೆ ಇಲ್ಲ.

ಊರಲ್ಲಿರುವ ಅಪ್ಪ ಅಮ್ಮಂದಿರಿಗೆ ಹಣಕಾಸಿನ ಒಂದೆರಡು ಮಾತು. ಇಲ್ಲಿ ಎಸಿಸಿ ಎಂಬ ಸರ್ಕಾರಿ ವ್ಯವಸ್ಥೆ 1974ರ ಏಪ್ರಿಲ್‌ನಿಂದ ಇದೆ. ಅಪಘಾತವಾದರೆ ತಪ್ಪು ಯಾರದು ಎಂದು ಕೇಳದೆ ಚಿಕಿತ್ಸೆಯ ಖರ್ಚಿಗೆ ನೆರವಾಗುತ್ತದೆ. ವೀಸಾದ ಮೇಲೆ ಬಂದ ಕೆಲಸಗಾರರಿಗೂ, ನೋಡಲು ಬಂದ ಅಪ್ಪ ಅಮ್ಮನಿಗೂ ಗಾಯದ ಚಿಕಿತ್ಸೆಗೆ ಇದು ಅನ್ವಯ. ಕಾಯಿಲೆಗೆ ಅಲ್ಲ, ಗಾಯಕ್ಕೆ ಮಾತ್ರ. ಆಸ್ಪತ್ರೆಯವರೇ ಎಸಿಸಿ 45 ಎಂಬ ಅರ್ಜಿ ತುಂಬಿ ಕಳಿಸುತ್ತಾರೆ. ಇಲ್ಲಿ ಸಂಬಳದ ಕೆಲಸದಲ್ಲಿದ್ದವರು ದುಡಿಯಲಾಗದಿದ್ದರೆ ಗಳಿಕೆಯ ಶೇ 80ರವರೆಗೆ ವಾರವಾರ ಬರುತ್ತದೆ. ಮೊದಲ ವಾರಕ್ಕೆ ಮಾತ್ರ ಎಸಿಸಿ ಕೊಡುವುದಿಲ್ಲ. ನಮ್ಮ ಹುಡುಗ ಆ ವಾರ ಕಾಯಿಲೆ ರಜೆ ಹಾಕಿದ. ಒಂದೇ ಕಡೆ ಆರು ತಿಂಗಳು ಕೆಲಸ ಮಾಡಿದವರಿಗೆ ವರ್ಷಕ್ಕೆ ಹತ್ತು ದಿನ ಅಂಥ ರಜೆ ಸಿಗುತ್ತದೆ. ಹೀಗಾಗಿ ಊರಿಗೆ ಕಳಿಸುವ ಹಣ ಕಡಿಮೆಯಾಯಿತು, ನಿಲ್ಲಲಿಲ್ಲ. ಕೆಲಸ ಹೋದೀತೆಂದು ಬಿದ್ದದ್ದನ್ನು ಮುಚ್ಚಿಟ್ಟು ನೋವಿನ ಮಾತ್ರೆ ನುಂಗಿ ಪಾಳಿಗೆ ಹೋದವರನ್ನು ನಾವು ನೋಡಿದ್ದೇವೆ. ಹಾಗೆ ಮಾಡಬೇಡ ಎಂದು ಮಕ್ಕಳಿಗೆ ಹೇಳಿ.

ಸಾಮಾನು ಕಳಿಸುವವರಿಗೂ ಒಂದು ಮಾತು. ಹೊಸ ಟೈರಿಗೆ ತಕರಾರಿಲ್ಲ. ಬಳಸಿದ ಸೈಕಲ್ಲು, ಹಳೆಯ ಟೈರು ತಂದರೆ ವಿಮಾನ ನಿಲ್ದಾಣದಲ್ಲಿ ತಪ್ಪದೆ ಘೋಷಿಸಬೇಕು, ಒಂದು ಚೂರು ಮಣ್ಣೂ ಅಂಟಿರಬಾರದು. ಈ ದೇಶಕ್ಕೆ ಹೊರಗಿನ ಮಣ್ಣು, ಬೀಜ ಎಂದರೆ ಭಯ. ಹೇಳದೆ ತಂದು ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಕತ್ತಲಲ್ಲಿ ತುಳಿಯುವವರಿಗೆ ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು ದೀಪ ಕಡ್ಡಾಯ, 200 ಮೀಟರ್ ದೂರದಿಂದ ಕಾಣುವಂತಿರಬೇಕು. ಕಳಿಸಲೇಬೇಕೆಂದಿದ್ದರೆ ಹೊಳೆಯುವ ಪಟ್ಟಿ ಇರುವ ಒಂದು ಜಾಕೆಟ್ಟು ಹೊಲಿಸಿ ಕಳಿಸಿ.

ಗ್ಯಾರೇಜಿನಲ್ಲಿ ತೂಗುಹಾಕಿದ್ದ ರಾಣೆಬೆನ್ನೂರಿನ ಟೈರುಗಳು ಚಳಿಗಾಲವೆಲ್ಲ ಅಲ್ಲೇ ಇದ್ದವು. ಅಕ್ಟೋಬರ್‌ನಲ್ಲಿ ಪಕ್ಕದ ಮನೆಯ ಅಜ್ಜ ನಮ್ಮ ಪಂಪು ಕೇಳಲು ಬಂದರು. ಎಂಬತ್ತು ದಾಟಿದವರು. ತೂಗುಹಾಕಿದ್ದನ್ನು ನೋಡಿ ಹತ್ತಿರ ಹೋಗಿ ಸಂಖ್ಯೆ ಓದಿದರು, ಮತ್ತೊಮ್ಮೆ ಓದಿದರು. ಆಮೇಲೆ ನಮ್ಮನ್ನು ಅವರ ಶೆಡ್ಡಿಗೆ ಕರೆದುಕೊಂಡು ಹೋದರು. ಒಳಗೆ ಅವರ ತಂದೆಯ ಕಾಲದ ಕಪ್ಪು ಇಂಗ್ಲಿಷ್ ಸೈಕಲ್ಲು, ಕಡ್ಡಿ ಬ್ರೇಕಿನದು, ನಮ್ಮ ಊರಿನ ಹಾಲಿನವರು ತುಳಿಯುವಂಥದ್ದೇ. ಅದರ ಅಳತೆಯ ಟೈರು ಈಗ ಇಲ್ಲಿಯ ಅಂಗಡಿಗಳಲ್ಲಿ ಸಿಗುವುದಿಲ್ಲವಂತೆ. ರಿಮ್ಮು 635.

ಹುಡುಗ ಹಾಕಿಕೊಟ್ಟ, ವಿಡಿಯೊ ಕರೆಯಲ್ಲಿ ಅಪ್ಪ ಅಲ್ಲಿಂದಲೇ ಉಸ್ತುವಾರಿ ಮಾಡಿದರು. ಟ್ಯೂಬು ತಿರುಚಿಕೊಳ್ಳದಂತೆ ಮೊದಲು ಸ್ವಲ್ಪ ಗಾಳಿ ಹಾಕು ಎಂದರು, ವಾಲ್ವಿನ ಕಡೆಯದನ್ನು ಕೊನೆಗೆ ಒಳಗೆ ಹಾಕು ಎಂದರು. ಅಜ್ಜನಿಗೆ ಅವರ ಮಾತು ತಿಳಿಯದು, ಆದರೂ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದರು. ಕೆಲಸ ಮುಗಿದ ಮೇಲೆ ಪಂಪಿನ ಮುಳ್ಳು ಏರುತ್ತಿರುವಾಗ ಫೋನಿನಿಂದ ದನಿ ಬಂತು:

‘ಸಾಕು ಸಾಕು, ನಲವತ್ತಕ್ಕ ನಿಲ್ಲಸು. ಅವರು ವಯಸ್ಸಾದವರು.’